ಕೊಟ್ಟಿಗೆಯ ಕಂಬಗಳೂ ಮಾನಕ ವಿಚಲನೆಯೂ

ಮೌಲ್ಯಮಾಪನ ಪತ್ರಿಕೆಯಲ್ಲಿ ಸಂಖ್ಯಾಶಾಸ್ತ್ರದ ಘಟಕ ಬಂದಾಗ ಬಹಳಷ್ಟು ಪ್ರಶಿಕ್ಷಣಾರ್ಥಿಗಳು ಸೂತ್ರ ಬಾಯಿಪಾಠ ಮಾಡಿ ಲೆಕ್ಕ ಮುಗಿಸುತ್ತಾರೆ. ಉತ್ತರವೂ ಸರಿ ಬರುತ್ತದೆ. ಆದರೆ ಆ ಉತ್ತರ ಏನು ಹೇಳುತ್ತಿದೆ ಎಂದು ಕೇಳಿದರೆ ತರಗತಿ ಸುಮ್ಮನಾಗುತ್ತದೆ. ಈ ಘಟಕಕ್ಕೆ ನಾನು ಬಳಸಿದ ಒಂದು ಉದಾಹರಣೆಯನ್ನು ಇಲ್ಲಿ ವಿವರಿಸುತ್ತೇನೆ.

ಅದನ್ನು ಒದಗಿಸಿದವರು ನಮ್ಮ ಪ್ರಶಿಕ್ಷಣಾರ್ಥಿಯೊಬ್ಬರೇ. ರಜೆಯ ದಿನಗಳಲ್ಲಿ ಊರಿಗೆ ಹೋಗಿ ತಂದೆಯೊಡನೆ ದನದ ಕೊಟ್ಟಿಗೆ ಕಟ್ಟುತ್ತಿದ್ದರು. ಮಳೆಗೆ ಮೊದಲು ತಗಡು ಹೊದಿಸಬೇಕು. ಅದೇ ವಾರಗಳಲ್ಲಿ ಸಂಖ್ಯಾಶಾಸ್ತ್ರದ ನಿಯೋಜಿತ ಕಾರ್ಯ ಒಪ್ಪಿಸಬೇಕು. “ಸರ್, ಈ ಪತ್ರಿಕೆ ಮುಂದಿನ ಸಲಕ್ಕೆ ಬಿಡ್ತೀನಿ” ಎಂದರು. ಕೊಟ್ಟಿಗೆ ಎಲ್ಲಿಗೆ ಬಂತು ಎಂದು ಕೇಳಿದೆ. ಕಂಬ ನೆಟ್ಟಾಗಿದೆ, ತಲೆಮಟ್ಟ ಕೂಡುತ್ತಿಲ್ಲ ಎಂದರು. “ಹಾಗಾದರೆ ಆ ಅಳತೆಗಳನ್ನೇ ಬರೆದು ತನ್ನಿ, ಅದೇ ನಿಮ್ಮ ದತ್ತಾಂಶ” ಎಂದೆ.

ಎರಡು ಕಡೆ ಇಳಿಜಾರಿನ ಮಾಡಾದ್ದರಿಂದ ಎಡಬಲದ ಸಾಲುಗಳು ಒಂದೇ ಎತ್ತರಕ್ಕೆ ಇರಬೇಕು. ಅವರು ತಂದ ಅಳತೆ ಸೆಂಟಿಮೀಟರುಗಳಲ್ಲಿ ಹೀಗಿತ್ತು:

ಎಡಸಾಲು: 200, 203, 198, 201, 198
ಬಲಸಾಲು: 200, 212, 188, 206, 194

ಮೊದಲ ಪ್ರಶ್ನೆ: ಎಲ್ಲಿಂದ ಅಳೆದದ್ದು? ನೆಲ ಏರುತಗ್ಗಾಗಿದ್ದರಿಂದ ನೀರು ತುಂಬಿದ ಪೈಪಿನಿಂದ ಎಲ್ಲ ಕಂಬಗಳಿಗೂ ಒಂದೇ ಮಟ್ಟದ ಗೆರೆ ಹಾಕಿ, ಅಲ್ಲಿಂದ ತಲೆಯವರೆಗೆ ಅಳೆದಿದ್ದರು. ಲೆಕ್ಕಕ್ಕೆ ಮೊದಲೇ ದತ್ತಾಂಶದ ವಿಶ್ವಾಸಾರ್ಹತೆ ಚರ್ಚೆಗೆ ಬಂತು.

ಎರಡನೆಯದು: ಸರಾಸರಿ ಎಷ್ಟು? ಎರಡಕ್ಕೂ 200. ಹಾಗಾದರೆ ತೊಲೆ ಏರಿಸಬಹುದೇ? “ಬಲಸಾಲಿನಲ್ಲಿ ಕೂರಲ್ಲ ಸರ್” ಎಂದು ಹಲವರು ಒಟ್ಟಿಗೇ ಹೇಳಿದರು. ತೊಲೆ ಕೂರುವುದು ಕಂಬಗಳ ಮೇಲೆ, ಸರಾಸರಿಯ ಮೇಲಲ್ಲ. ಪ್ರಸರಣದ ಅಳತೆ ಏಕೆ ಬೇಕು ಎಂಬುದಕ್ಕೆ ಬೇರೆ ವಿವರಣೆ ಬೇಕಾಗಲಿಲ್ಲ.

ಬಲಸಾಲಿನ ವಿಚಲನೆಗಳು 0, 12, –12, 6, –6. ಕೂಡಿದರೆ ಸೊನ್ನೆ. ಯಾವ ದತ್ತಾಂಶಕ್ಕಾದರೂ ಸರಾಸರಿಯಿಂದ ವಿಚಲನೆಗಳ ಮೊತ್ತ ಸೊನ್ನೆಯೇ. ಆದ್ದರಿಂದ ವರ್ಗ ಮಾಡುತ್ತೇವೆ: ಮೊತ್ತ 360, ಐದರಿಂದ ಭಾಗಿಸಿದರೆ 72. ಇದು ಚದರ ಸೆಂಟಿಮೀಟರು. ಕಂಬದ ಎತ್ತರದ ಮಾತಿಗೆ ಮರಳಲು ವರ್ಗಮೂಲ ಬೇಕು. ಬಲಸಾಲಿಗೆ ಸುಮಾರು 8.5 ಸೆಂ.ಮೀ., ಎಡಸಾಲಿಗೆ ಸುಮಾರು 1.9 ಸೆಂ.ಮೀ. ಇಲ್ಲಿ ಎಲ್ಲ ಕಂಬಗಳನ್ನೂ ಅಳೆದಿದ್ದರಿಂದ ಐದರಿಂದ ಭಾಗಿಸಿದೆವು. ಕೆಲವನ್ನೇ ಮಾದರಿಯಾಗಿ ಅಳೆದು ಉಳಿದವನ್ನು ಅಂದಾಜಿಸುವುದಾದರೆ ಸಂಖ್ಯೆಯಲ್ಲಿ ಒಂದು ಕಳೆದು ಭಾಗಿಸುತ್ತೇವೆ. ಯಾವ ಕಂಬ ಕತ್ತರಿಸಬೇಕು ಎಂಬುದನ್ನು ಮಾತ್ರ ಮಾನಕ ವಿಚಲನೆ ಹೇಳದು. ಅದಕ್ಕೆ ಒಂದೊಂದರ ವಿಚಲನೆಯನ್ನೇ ನೋಡಬೇಕು.

ನಂತರ ಬೋಧನಾಭ್ಯಾಸಕ್ಕೆ ಬಂದೆವು. ಎರಡು ವಿಭಾಗಗಳ ಕಿರುಪರೀಕ್ಷೆಯ ಸರಾಸರಿ ಒಂದೇ ಇದ್ದು, ಒಂದರಲ್ಲಿ ಅಂಕಗಳು ಚದುರಿದ್ದರೆ ಎರಡಕ್ಕೂ ಒಂದೇ ಪಾಠ ಯೋಜನೆ ಸಾಕೇ? ಸಾಲದು, ಚದುರಿದ ಕಡೆ ಗುಂಪು ಚಟುವಟಿಕೆ, ಪರಿಹಾರ ಬೋಧನೆ ಬೇಕಾಗಬಹುದು.

ಹೋಲಿಕೆ ಇಲ್ಲಿಗೇ ನಿಲ್ಲಬೇಕು. ಎತ್ತರದ ಕಂಬವನ್ನು ಕತ್ತರಿಸಬಹುದು, ಮುಂದಿರುವ ಮಗುವನ್ನು ತಗ್ಗಿಸಲಾಗದು. ಎಲ್ಲರಿಗೂ ಕಡಿಮೆ ಅಂಕ ಬಂದರೂ ಮಾನಕ ವಿಚಲನೆ ಚಿಕ್ಕದಾಗಿಯೇ ಇರುತ್ತದೆ. ಆದ್ದರಿಂದ ಅದನ್ನು ಸರಾಸರಿಯ ಜೊತೆಗಿಟ್ಟೇ ಓದಬೇಕು.

ಆ ಪ್ರಶಿಕ್ಷಣಾರ್ಥಿ ಪತ್ರಿಕೆ ಬಿಡಲಿಲ್ಲ. ಈ ಲೆಕ್ಕವನ್ನೇ ನಿಯೋಜಿತ ಕಾರ್ಯವಾಗಿ ಒಪ್ಪಿಸಿದರು. ಕಿಲ್‌ಪ್ಯಾಟ್ರಿಕ್ 1918ರಲ್ಲಿ ಪ್ರತಿಪಾದಿಸಿದ ಯೋಜನಾ ವಿಧಾನವನ್ನು ನಾವೆಲ್ಲ ಬೋಧಿಸುತ್ತೇವೆ. ಅದಕ್ಕಾಗಿ ಹೊಸ ಯೋಜನೆಯನ್ನೇ ಹುಟ್ಟುಹಾಕಬೇಕೆಂದಿಲ್ಲ. ಘಟಕ ಆರಂಭಿಸುವ ಮುನ್ನ ಒಂದು ಪ್ರಶ್ನೆ ಕೇಳಿ ನೋಡಿ: ಮನೆಯಲ್ಲಿ, ಹೊಲದಲ್ಲಿ, ಅಂಗಡಿಯಲ್ಲಿ ನೀವು ಈಗ ಏನನ್ನು ಅಳೆಯುತ್ತಿದ್ದೀರಿ? ಹಾಲಿನ ಲೀಟರು, ನೂಲಿನ ತೂಕ, ಬಸ್ಸು ಬರುವ ಹೊತ್ತು, ಯಾವುದಾದರೂ ಆದೀತು. ಅಳತೆ ತಪ್ಪಿದರೆ ನಷ್ಟವಾಗುವಂಥದ್ದಾದರೆ ಇನ್ನೂ ಒಳ್ಳೆಯದು.