ಜೋಳದ ಚಿಗುರಿನ ನಂಜು

ಸೊಲ್ಲಾಪುರ, ಅಕ್ಕಲಕೋಟೆಗಳ ಕರಿನೆಲದ ಬಾಳ್ವೆ ಹಿಂಗಾರಿ ಬಿಳಿಜೋಳವನ್ನು ನೆಚ್ಚಿದುದು. ‘ಮಾಲದಂಡಿ 35-1’ ಎಂಬ ಹೆಸರಾಂತ ತಳಿ ಇದೇ ಜಿಲ್ಲೆಯ ಮೊಹೋಳದ್ದು. ಉಂಡ ಅನ್ನದ ಋಣವನ್ನು ‘ಜೋಳವಾಳಿ’ ಎಂದು ಕರೆದ ಹಳಗನ್ನಡವನ್ನು ಓದುವ ನಮಗೆ, ಅದೇ ಜೋಳದ ಎಳೆಯ ಚಿಗುರು ದನಗಳನ್ನು ಕೊಲ್ಲಬಲ್ಲುದೆಂಬುದು ವಿಚಿತ್ರವೆನಿಸೀತು. ಕೊಯ್ಲಾದ ಹೊಲದಲ್ಲಿ ಅಡ್ಡಮಳೆಯ ತರುವಾಯ ಕೂಳೆ ಚಿಗುರಿದಾಗ, ಬರದಿಂದ ಬಾಡಿದ ಪೈರು ಮತ್ತೆ ಕುಡಿಯೊಡೆದಾಗ ಈ ಅಪಾಯ ಹೆಚ್ಚು.

ಇದಕ್ಕೆ ಕಾರಣವಾದ ವಸ್ತುವಿನ ಹೆಸರು ಧುರಿನ್. ಜೋಳದ ಅರಬ್ಬಿ ಹೆಸರಾದ ‘ದುರಾ’ ಎಂಬುದೇ ಇದರ ಮೂಲ; 1902ರಲ್ಲಿ ಡನ್‌ಸ್ಟನ್ ಮತ್ತು ಹೆನ್ರಿ ಎಂಬ ವಿಜ್ಞಾನಿಗಳು ಇದನ್ನು ವಿವರಿಸಿದರು. ಟೈರೊಸಿನ್ ಎಂಬ ಅಮೈನೊ ಆಮ್ಲದಿಂದ ಗಿಡವು ಇದನ್ನು ಕಟ್ಟಿಕೊಳ್ಳುತ್ತದೆ. ಕೊನೆಯಲ್ಲಿ ಗ್ಲೂಕೋಸಿನ ಒಂದು ಅಣು ಬಂದು ಸೇರುತ್ತದೆ. ಆ ಸಕ್ಕರೆ ಅಂಟಿರುವ ತನಕ ಸಯನೈಡು ಬಂಧಿತ. ಎಲೆಯ ಹೊರಪದರದ ಕೋಶಗಳಲ್ಲಿ ಧುರಿನ್, ಒಳಪದರದ ಕೋಶಗಳಲ್ಲಿ ಅದನ್ನು ಒಡೆಯುವ ಕಿಣ್ವ: ಎರಡೂ ಬೇರೆ ಬೇರೆ ಕೋಣೆಗಳಲ್ಲಿ ವಾಸ. ದನ ಅಗಿದೊಡನೆ ಗೋಡೆ ಕುಸಿಯುತ್ತದೆ, ಸಕ್ಕರೆ ಕಳಚುತ್ತದೆ, ಹೈಡ್ರೊಜನ್ ಸಯನೈಡು ಹೊರಬೀಳುತ್ತದೆ. 311 ಗ್ರಾಂ ಧುರಿನ್ ಪೂರ್ಣವಾಗಿ ಒಡೆದರೆ ಹೊರಡುವ ಸಯನೈಡು 27 ಗ್ರಾಂ. ಮೆಲುಕು ಹಾಕುವ ಪ್ರಾಣಿಗಳ ಹೊಟ್ಟೆಯ ಸೂಕ್ಷ್ಮಜೀವಿಗಳೂ ಈ ಕೆಲಸಕ್ಕೆ ಕೈಜೋಡಿಸುವುದರಿಂದ ಅವುಗಳಿಗೇ ಹೆಚ್ಚು ಕೇಡು.

ಸಯನೈಡು ಜೀವಕೋಶಗಳ ಉಸಿರಾಟದ ಕೊನೆಯ ಕಿಣ್ವದಲ್ಲಿರುವ ಕಬ್ಬಿಣಕ್ಕೆ ಅಂಟಿಕೊಳ್ಳುತ್ತದೆ. ಆಗ ರಕ್ತದ ತುಂಬ ಆಮ್ಲಜನಕವಿದ್ದರೂ ಕೋಶಗಳು ಅದನ್ನು ಬಳಸಲಾರವು. ಆದ್ದರಿಂದಲೇ ನಂಜೇರಿದ ದನದ ರಕ್ತ ಕಡುಗೆಂಪು. ಉಸಿರುಗಟ್ಟಿ ಸಾಯುವ ಜೀವದ ರಕ್ತ ಅಷ್ಟು ಕೆಂಪಾಗಿರುವುದು ಕ್ರೂರ ವ್ಯಂಗ್ಯವೇ ಸರಿ.

ಬಲಿತ ಕಾಳಿನಲ್ಲಿ ಧುರಿನ್ ಇಲ್ಲವೆನ್ನುವಷ್ಟು ಕಡಿಮೆ, ರೊಟ್ಟಿಗೆ ಭಯವಿಲ್ಲ. ಮೊಳಕೆಯ ಕುಡಿಯಲ್ಲಿ ಮಾತ್ರ ಅದು ಹೇರಳ. ಹೈಡ್ರೊಜನ್ ಸಯನೈಡು ಸುಮಾರು 26 ಡಿಗ್ರಿ ಸೆಲ್ಸಿಯಸ್ಸಿಗೇ ಕುದಿಯುವ ವಸ್ತುವಾದುದರಿಂದ, ಚೆನ್ನಾಗಿ ಒಣಗಿಸಿದ ಕಣಿಕೆಯಿಂದ ಬಹುಪಾಲು ಹಾರಿಹೋಗುತ್ತದೆ. ಹಸಿವಿನಿಂದ ಬಳಲಿದ ದನಗಳನ್ನು ಮೊಣಕಾಲೆತ್ತರಕ್ಕೂ ಬಾರದ ಪೈರಿಗೆ ಬಿಡಬಾರದೆಂಬ ಎಚ್ಚರಿಕೆಯ ಹಿಂದಿರುವುದೂ ಇದೇ ರಸಾಯನ. ನಂಜೇರಿದರೆ ಪಶುವೈದ್ಯರು ನರದ ಮೂಲಕ ಸೋಡಿಯಂ ನೈಟ್ರೈಟ್ ಮತ್ತು ಥಯೊಸಲ್ಫೇಟ್ ಕೊಡುತ್ತಾರೆ: ಮೊದಲನೆಯದು ಸಯನೈಡನ್ನು ಕಿಣ್ವದಿಂದ ರಕ್ತದ ಕಡೆಗೆ ಸೆಳೆಯುತ್ತದೆ, ಎರಡನೆಯದು ಅದನ್ನು ಮೂತ್ರದಲ್ಲಿ ಹೊರಹೋಗುವ ಥಯೊಸಯನೇಟಾಗಿ ಮಾರ್ಪಡಿಸುತ್ತದೆ. ಆದರೆ ಕೈಯಲ್ಲಿರುವ ಕಾಲ ಹಲವೊಮ್ಮೆ ಕೆಲವೇ ನಿಮಿಷ.