ಅಭಾದ ಚಳಿ, ಅಮ್ಮನ ಬಿಸಿನೀರು

ಸೌದಿ ಅರೇಬಿಯಾ ಎಂದೊಡನೆ ಊರಿನ ಬಂಧುಗಳ ಕಣ್ಣ ಮುಂದೆ ಮರಳುಗಾಡು ಸುಳಿಯುತ್ತದೆ. ನಾನು ವೈದ್ಯನಾಗಿರುವ ಅಭಾ ನಗರವಾದರೋ ಅಸೀರ್ ಪರ್ವತಗಳ ನಡುವೆ, ಸುಮಾರು 2,200 ಮೀಟರ್ ಎತ್ತರದಲ್ಲಿದೆ. ನಮ್ಮ ಮುಳ್ಳಯ್ಯನಗಿರಿಗಿಂತಲೂ ಮೇಲೆ. ಡಿಸೆಂಬರ್ ಮುಂಜಾವಿನಲ್ಲಿ ಇಲ್ಲಿ ತಣ್ಣೀರ ಸ್ನಾನ ಸಾಹಸವೇ ಸರಿ.

ಎಂಬತ್ತು ದಾಟಿದ ನನ್ನ ತಾಯಿ ಹಾಸನದಿಂದ ಬರುವವರಿದ್ದರು. ಹಳೆಯ ಬಾಡಿಗೆ ಮನೆಯ ಬಚ್ಚಲನ್ನು ನವೀಕರಿಸಲು ಮಾಲೀಕರು ಒಪ್ಪಿದರು. ತುರ್ಕಿಯ ಸಹೋದ್ಯೋಗಿಯೊಬ್ಬರು ಕಾಂಬಿ ಬಾಯ್ಲರ್ ಹಾಕಿಸೆಂದರು. ಅನಿಲ ಉರಿಸಿ ಕೋಣೆಗಳನ್ನೂ ನಲ್ಲಿಯ ನೀರನ್ನೂ ಒಂದೇ ಯಂತ್ರದಿಂದ ಕಾಯಿಸುವ ವ್ಯವಸ್ಥೆಯದು; ನೀರು ಸಂಗ್ರಹಿಸುವ ತೊಟ್ಟಿ ಬೇಡ. ಆದರೆ ನಮ್ಮ ಬೀದಿಗೆ ಕೊಳವೆಯ ಅನಿಲವಿಲ್ಲ, ಗೋಡೆಗಳಲ್ಲಿ ರೇಡಿಯೇಟರ್‌ಗಳೂ ಇಲ್ಲ. ಆದ್ದರಿಂದ 50 ಲೀಟರಿನ ವಿದ್ಯುತ್ ಗೀಸರನ್ನೇ ಆರಿಸಿಕೊಂಡೆವು.

ಕೆಲಸಕ್ಕೆ ಬಂದವರು ಪುತ್ತೂರು ಕಡೆಯ ಅನುಭವಿ ಪ್ಲಂಬರ್. ಮೊದಲ ಹಂತದಲ್ಲಿ ಗೀಸರಿಗೆಂದೇ ಪ್ರತ್ಯೇಕ ತಂತಿ, ಅರ್ತಿಂಗ್ ಮತ್ತು ಬ್ರೇಕರ್. ಇಲ್ಲಿನ ಹಳೆಯ ಮನೆಗಳಲ್ಲಿ 127 ವೋಲ್ಟ್ ಮತ್ತು 220 ವೋಲ್ಟ್ ಎರಡೂ ಇರುವುದುಂಟು. ಬಾಡಿಗೆಗೆ ಮನೆ ಹಿಡಿಯುವವರು ಇದನ್ನು ಮೊದಲೇ ವಿಚಾರಿಸಬೇಕು. ಎರಡನೆಯ ಹಂತದಲ್ಲಿ ಗೋಡೆಯೊಳಗೆ ಪೈಪು ಕೂರಿಸಿದರು. ತಾಯಿಯ ಪ್ರಯಾಣದ ದಿನ ಹತ್ತಿರವಾಗಿದ್ದರಿಂದ ಕೂಡಲೇ ಟೈಲ್ಸ್ ಹಾಕಿಬಿಡಿ ಎಂದು ಅವಸರಪಡಿಸಿದೆ. ಅವರು ನಕ್ಕು, "ಡಾಕ್ಟ್ರೇ, ರಕ್ತ ನಿಂತಿದೆಯಾ ನೋಡದೆ ನೀವು ಹೊಲಿಗೆ ಹಾಕ್ತೀರಾ? ಒಂದು ರಾತ್ರಿ ಪ್ರೆಶರ್ ನಿಲ್ಲಲಿ" ಎಂದರು. ಮರುದಿನ ಮಾಪಕದ ಮುಳ್ಳು ಇಳಿದಿತ್ತು. ಒಂದು ಎಲ್ಬೋ ಜಿನುಗುತ್ತಿತ್ತು. ನನ್ನ ಮಾತು ನಡೆದಿದ್ದರೆ ಹೊಸ ಗೋಡೆಯನ್ನೇ ಒಡೆಯಬೇಕಾಗುತ್ತಿತ್ತು.

ಮೂರನೆಯ ಹಂತದಲ್ಲಿ ಗೀಸರ್, ಸೇಫ್ಟಿ ವಾಲ್ವ್ ಮತ್ತು ಬಿಸಿ-ತಣ್ಣೀರು ಬೆರೆಸುವ ಥರ್ಮೋಸ್ಟಾಟಿಕ್ ವಾಲ್ವ್. ಉಗುರುಬೆಚ್ಚಗೆ ನಿಂತ ನೀರಿನಲ್ಲಿ ಲೀಜನೆಲ್ಲಾ ಎಂಬ ಬ್ಯಾಕ್ಟೀರಿಯಾ ಬೆಳೆದು ನ್ಯುಮೋನಿಯಾ ತರಬಲ್ಲದು. ಆದ್ದರಿಂದ ಗೀಸರಿನೊಳಗೆ 60 ಡಿಗ್ರಿ ಸೆಲ್ಸಿಯಸ್ ಬೇಕು. ಅದೇ ನೀರು ಮೈಮೇಲೆ ಬಿದ್ದರೆ ಕೆಲವೇ ಸೆಕೆಂಡುಗಳಲ್ಲಿ ಸುಡುತ್ತದೆ. ವೃದ್ಧರ ತೆಳುಚರ್ಮವಂತೂ ಇನ್ನೂ ಬೇಗ. ಈ ವಾಲ್ವ್ ಅದನ್ನು ಸುಮಾರು 40 ಡಿಗ್ರಿಗೆ ಇಳಿಸಿ ಹೊರಬಿಡುತ್ತದೆ.

ತಾಯಿ ಬಂದರು. ಮೊದಲ ದಿನ ಸ್ನಾನ ಮುಗಿಸಿ ತಲೆ ಒರೆಸಿಕೊಳ್ಳುತ್ತಾ, "ಊರಿನ ಬಚ್ಚಲಲ್ಲಿ ಸ್ನಾನ ಮಾಡಿ ಬಂದರೆ ತಲೆ ಧಿಮ್ ಅನ್ನುತ್ತೆ ಕಣೋ. ಇಲ್ಲಿ ಹಾಗಾಗಲಿಲ್ಲ" ಎಂದರು.

ನನ್ನ ಎದೆ ಝಲ್ಲೆಂದಿತು. ಊರಿನ ಗ್ಯಾಸ್ ಗೀಸರ್ ಹಾಕಿಸಲು ಹಣ ಕಳುಹಿಸಿದವನು ನಾನೇ. ಅದನ್ನು ಎಲ್ಲಿ ಕೂರಿಸಿದರೆಂದು ಕೇಳಿರಲಿಲ್ಲ. ಗಾಳಿಯಾಡದ ಬಚ್ಚಲಿನೊಳಗೆ ಅನಿಲ ಉರಿದರೆ ಕಾರ್ಬನ್ ಮಾನಾಕ್ಸೈಡ್ ತುಂಬುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ತಲೆನೋವು, ತಲೆಸುತ್ತು ಅದರ ಮೊದಲ ಸೂಚನೆಗಳು. ಪ್ರಜ್ಞೆ ತಪ್ಪಿದವರು ಬಾಗಿಲ ಚಿಲಕ ತೆಗೆಯಲಾರರು.

ಆ ರಾತ್ರಿಯೇ ತಮ್ಮನಿಗೆ ಫೋನ್ ಮಾಡಿದೆ. ಅದೇ ವಾರ ಗ್ಯಾಸ್ ಗೀಸರನ್ನು ಬಚ್ಚಲಿನಿಂದ ಹೊರಗಿನ ಗೋಡೆಗೆ ಸಾಗಿಸಿ, ನೀರಿನ ಪೈಪನ್ನು ಮಾತ್ರ ಒಳಗೆ ತಂದರು. ಪರದೇಶದಿಂದ ಹಣ ಕಳುಹಿಸುವ ಮಿತ್ರರಲ್ಲಿ ನನ್ನದೊಂದು ವಿನಂತಿ: ಇಂದೇ ಊರಿಗೆ ಫೋನ್ ಮಾಡಿ, ಗೀಸರ್ ಎಲ್ಲಿದೆ, ಬಚ್ಚಲಿಗೆ ಕಿಟಕಿಯಿದೆಯೇ ಎಂದು ಕೇಳಿ.