ಚಿತ್ರಚಿಕಿತ್ಸಕನ ಮನೋಮುಕುರ

ರೋಗಿಯು ಬರೆದ ಚಿತ್ರವನ್ನು ಮುಂದಿಟ್ಟುಕೊಂಡ ಚಿಕಿತ್ಸಕನು ಅದರಲ್ಲಿ ಕಾಣುವುದು ರೋಗಿಯ ದುಃಖವನ್ನೋ, ತನ್ನ ದುಃಖವನ್ನೋ? ಚಿತ್ರಚಿಕಿತ್ಸೆಯೆಂಬ ವೃತ್ತಿಯಲ್ಲಿ ಎಲ್ಲಕ್ಕಿಂತ ಮೊದಲು ಏಳತಕ್ಕ ಪ್ರಶ್ನೆಯಿದು. ಈ ವೃತ್ತಿಯು ಪ್ರಾಚೀನವಾದುದಲ್ಲ. ಆಂಗ್ಲ ಚಿತ್ರಕಾರನಾದ ಏಡ್ರಿಯನ್ ಹಿಲ್ ಎಂಬಾತನು 1938ರಲ್ಲಿ ಕ್ಷಯಪೀಡಿತನಾಗಿ ಆರೋಗ್ಯಧಾಮದಲ್ಲಿದ್ದಾಗ, ಚಿತ್ರ ಬರೆಯುವುದರಿಂದ ತನ್ನ ಮನಸ್ಸು ಚೇತರಿಸಿಕೊಂಡುದನ್ನು ಕಂಡು, ಜೊತೆಯ ರೋಗಿಗಳನ್ನೂ ಆ ದಾರಿಗೆ ತಂದು, 1942ರಲ್ಲಿ ‘ಆರ್ಟ್ ಥೆರಪಿ’ ಎಂಬ ಹೆಸರನ್ನು ಬಳಕೆಗೆ ತಂದನು. ವೃತ್ತಿಯವರ ಸಂಘಗಳು ಬ್ರಿಟನ್ನಿನಲ್ಲಿ 1964ರಲ್ಲಿಯೂ ಅಮೆರಿಕದಲ್ಲಿ 1969ರಲ್ಲಿಯೂ ಹುಟ್ಟಿದುವು.

ಹೆಸರಿನ ವಿಷಯದಲ್ಲಿ ಒಂದು ಮಾತು. ‘ಕಲಾಚಿಕಿತ್ಸೆ’ ಎಂದರೆ ಸಂಗೀತ ನೃತ್ಯಗಳೂ ಒಳಬೀಳುವುವು. ಅವುಗಳ ಚಿಕಿತ್ಸೆಗಳು ಬೇರೆಯೇ ಆಗಿ ಬೆಳೆದಿವೆ. ‘ಚಿತ್ರಚಿಕಿತ್ಸೆ’ ಎಂದರೆ ಜೇಡಿಮಣ್ಣಿನ ಬೊಂಬೆಗಳು ಹೊರಗುಳಿಯುವುವೆಂದು ಆಕ್ಷೇಪಿಸಬಹುದು. ಆದರೆ ಶಿಲ್ಪಶಾಸ್ತ್ರಗಳು ಪೂರ್ಣಮೂರ್ತಿಯನ್ನೇ ಚಿತ್ರವೆಂದೂ, ಉಬ್ಬುಗೆತ್ತನೆಯನ್ನು ಅರ್ಧಚಿತ್ರವೆಂದೂ, ಭಿತ್ತಿಯ ಮೇಲಣ ಬರಹವನ್ನು ಚಿತ್ರಾಭಾಸವೆಂದೂ ಕರೆದಿರುವುದನ್ನು ನೆನೆದರೆ ಈ ಆಕ್ಷೇಪಕ್ಕೆ ಎಡೆಯಿಲ್ಲ.

ಈ ವೃತ್ತಿಗೆ ಸಿದ್ಧನಾಗುವವನು ಮನಶ್ಶಾಸ್ತ್ರವನ್ನು ಓದುವನು. ಹಿರಿಯರ ಮೇಲ್ವಿಚಾರಣೆಯಲ್ಲಿ ರೋಗಿಗಳೊಡನೆ ಅಭ್ಯಾಸ ಮಾಡುವನು. ಇಷ್ಟು ಬೇರೆ ವೃತ್ತಿಗಳಲ್ಲಿಯೂ ಉಂಟು. ಇಲ್ಲಿಯ ವಿಶೇಷವೇನೆಂದರೆ, ಅವನು ತಾನೇ ಚಿತ್ರ ಬರೆದು, ಬರೆದುದನ್ನು ನೋಡಿ, ಬರೆಯುವಾಗ ತನ್ನಲ್ಲಿ ಏನಾಯಿತೆಂಬುದನ್ನು ಗುರುತಿಸಬೇಕು. ರೋಗಿಯನ್ನು ಕಂಡುಬಂದ ಬಳಿಕ ಆ ಭೇಟಿಯ ವಿಷಯವಾಗಿಯೂ ಬರೆಯುವ ರೂಢಿಯಿದೆ. ಅದಕ್ಕೆ ‘ಪ್ರತಿಸ್ಪಂದಚಿತ್ರ’ವೆಂದು ಹೆಸರಿಡಬಹುದು. ಚಿತ್ರವು ಚೆನ್ನಾಗಿದೆಯೇ ಎಂಬುದು ಇಲ್ಲಿ ವಿಚಾರಣೀಯವಲ್ಲ.

ಈ ಸ್ವಚಿತ್ರಪರೀಕ್ಷೆಯು ಹೇಗಿರುವುದೆಂಬುದಕ್ಕೆ ಮೇರಿಯನ್ ಮಿಲ್ನರ್ ಎಂಬ ಆಂಗ್ಲ ವಿದುಷಿಯ ಗ್ರಂಥವು ಅತ್ಯುತ್ತಮವಾದ ನಿದರ್ಶನ. ಈಕೆ (1900–1998) ಮನೋವಿಶ್ಲೇಷಣೆಯಲ್ಲಿ ಶಿಕ್ಷಿತೆಯಾದವಳು. ‘ಆನ್ ನಾಟ್ ಬೀಯಿಂಗ್ ಏಬಲ್ ಟು ಪೇಂಟ್’ ಎಂಬ ಈ ಗ್ರಂಥವನ್ನು 1950ರಲ್ಲಿ ಜೊವಾನಾ ಫೀಲ್ಡ್ ಎಂಬ ಗುಪ್ತನಾಮದಿಂದ ಪ್ರಕಟಿಸಿದಳು. ಚಿತ್ರ ಬರೆಯಬೇಕೆಂಬ ಆಸೆಯಿದ್ದೂ ಏಕೆ ಬರೆಯಲಾರೆನೆಂಬುದೇ ಅದರ ವಿಷಯ. ಶಾಸ್ತ್ರೋಕ್ತ ಕ್ರಮವು ಫಲಿಸದೆ ಹೋಗಲು, ಆಕೆ ಕೈ ಹೋದಂತೆ ಗೀಚುವ ಅಭ್ಯಾಸವನ್ನು ಕೈಕೊಂಡಳು. ಬೇಸಗೆಯ ಬೀಚ್ ಮರಗಳ ಪ್ರಶಾಂತತೆಯನ್ನು ಬರೆಯಹೊರಟರೆ ಕಾಗದದ ಮೇಲೆ ಬಂದುದು ಹಿಮದ ಬಿರುಗಾಳಿಗೆ ಸಿಕ್ಕಿ ಮುರುಟಿದ ಪೊದೆಗಳು! ಉದ್ದೇಶವೊಂದು, ಫಲವೊಂದು. ಇದನ್ನು ಕೈಯ ಅಕುಶಲತೆಯೆಂದು ತಳ್ಳಿಹಾಕದೆ, ಶಾಂತಿಯನ್ನು ಬಯಸಿದ ಮನಸ್ಸಿನ ಅಡಿಯಲ್ಲಿ ಆಕೆಯೇ ಅರಿಯದ ಕ್ಷೋಭೆಯೊಂದು ಇದ್ದಿತೆಂದು ಆಕೆ ಒಪ್ಪಿಕೊಂಡಳು. ಹೊರರೇಖೆಯನ್ನು ಬಿಗಿಯಾಗಿ ಹಿಡಿಯುವ ತನ್ನ ಹಟವನ್ನು ಶೋಧಿಸುತ್ತ, ವಸ್ತುವಸ್ತುಗಳ ನಡುವಣ ಎಲ್ಲೆ ಕರಗಿಹೋದೀತೆಂಬ ಭಯವೇ ಅದಕ್ಕೆ ಮೂಲವೆಂದೂ ಕಂಡುಕೊಂಡಳು. ಮುಂದೆ 1969ರಲ್ಲಿ ಪ್ರಕಟವಾದ ‘ದಿ ಹ್ಯಾಂಡ್ಸ್ ಆಫ್ ದಿ ಲಿವಿಂಗ್ ಗಾಡ್’ ಎಂಬ ಗ್ರಂಥದಲ್ಲಿ, ತೀವ್ರವಾದ ಮನೋವ್ಯಾಧಿಗೊಳಗಾದ ರೋಗಿಯೊಬ್ಬಳ ದೀರ್ಘಚಿಕಿತ್ಸೆಯನ್ನು ಆಕೆಯ ಚಿತ್ರಗಳ ಮೂಲಕವಾಗಿ ನಿರೂಪಿಸಿದಾಗ, ಅವಸರದ ಅರ್ಥನಿರ್ಣಯಕ್ಕೆ ಕೈಹಾಕದ ತಾಳ್ಮೆಯು ಮಿಲ್ನರಳಿಗೆ ಎಲ್ಲಿಂದ ಬಂದಿತೆಂಬುದನ್ನು ಮೊದಲ ಗ್ರಂಥವನ್ನೋದಿದವರು ಊಹಿಸಬಲ್ಲರು.

ಇಲ್ಲಿ ಅಲಂಕಾರಶಾಸ್ತ್ರವನ್ನು ಬಲ್ಲವರಿಗೆ ಅಭಿನವಗುಪ್ತನ ನೆನಪು ಬಾರದಿರದು. ರಸಪ್ರತೀತಿಗೆ ಅವನು ಹೇಳಿದ ಏಳು ವಿಘ್ನಗಳಲ್ಲಿ ಸ್ವಂತ ಸುಖದುಃಖಗಳಿಗೆ ಪರವಶನಾಗಿರುವುದೂ ಒಂದು. ತನ್ನ ಮನೆಯ ದುಃಖವನ್ನು ರಂಗಮಂದಿರಕ್ಕೆ ಹೊತ್ತು ತಂದವನು ನಾಟಕವನ್ನು ನೋಡಲಾರನು. ತನ್ನ ಶೋಕವನ್ನು ಅರಿಯದ ಚಿಕಿತ್ಸಕನು ರೋಗಿಯ ಚಿತ್ರವನ್ನು ನೋಡಲಾರನು. ಇಷ್ಟರಮಟ್ಟಿಗೆ ಸಾಮ್ಯವು ನಿಜ. ಪರಿಹಾರದಲ್ಲಿ ಮಾತ್ರ ದಾರಿಗಳು ಬೇರೆಯಾಗುವುವು. ಗಾನ, ವಾದ್ಯ, ರಂಗಮಂಟಪದ ಸೊಗಸು ಇವು ಪ್ರೇಕ್ಷಕನನ್ನು ತನ್ನ ದುಃಖದಿಂದ ಸೆಳೆದುಬಿಡುವುವೆಂದು ಆಚಾರ್ಯನ ಮತ. ಚಿತ್ರಚಿಕಿತ್ಸಕನಾದರೋ ಅದನ್ನು ಮರೆಯತಕ್ಕವನಲ್ಲ, ಎದುರಿಗಿಟ್ಟು ನೋಡತಕ್ಕವನು. ಏಕೆಂದರೆ ಪ್ರೇಕ್ಷಕನು ಮೂರು ಗಳಿಗೆ ಮರೆತರೆ ಸಾಕು. ಚಿಕಿತ್ಸಕನು ನಾಳೆಯೂ ಅದೇ ರೋಗಿಯ ಮುಂದೆ ಕುಳಿತುಕೊಳ್ಳಬೇಕು. ಕಾವ್ಯಾನುಶೀಲನದಿಂದ ಮನೋಮುಕುರವು ನಿರ್ಮಲವಾದವನೇ ಸಹೃದಯನೆಂಬ ಲೋಚನದ ಲಕ್ಷಣವು ಇವನಿಗೆ ಹೆಚ್ಚು ಹತ್ತಿರವಾದುದು. ಅನುಶೀಲನವಿಲ್ಲಿ ಸ್ವಂತ ಚಿತ್ರಗಳದು, ಅಷ್ಟೆ.

ಇದು ಕೇವಲ ಆತ್ಮರತಿಯಲ್ಲವೇ, ರೋಗಿಗೆ ಇದರಿಂದೇನು, ಎಂಬ ಶಂಕೆ ಬರಬಹುದು. ವಿಯೆನ್ನಾದಲ್ಲಿ ಹುಟ್ಟಿ 1938ರಲ್ಲಿ ಅಮೆರಿಕವನ್ನು ಸೇರಿದ ಈಡಿತ್ ಕ್ರೇಮರ್ (1916–2014) ಇದಕ್ಕೆ ಉತ್ತರವೆನ್ನಬಹುದಾದ ಒಂದು ಕಲ್ಪನೆಯನ್ನು ಕೊಟ್ಟಿದ್ದಾಳೆ. ಈಕೆಯ ಗುರು ಫ್ರೀಡ್ಲ್ ಡಿಕ್ಕರ್. ಟೆರೆಜಿನ್ ಬಂಧನನಗರದಲ್ಲಿ ಮಕ್ಕಳಿಗೆ ಚಿತ್ರ ಕಲಿಸಿ, 1944ರಲ್ಲಿ ಆಶ್‌ವಿಟ್ಸ್‌ನಲ್ಲಿ ಕೊಲ್ಲಲ್ಪಟ್ಟವಳು. ಕ್ರೇಮರಳು 1986ರಲ್ಲಿ ಚಿಕಿತ್ಸಕನಿಗೆ ‘ಮೂರನೆಯ ಕೈ’ಯೊಂದು ಬೇಕೆಂದಳು: ರೋಗಿಯ ಚಿತ್ರವು ಕುಸಿಯುವಾಗ ಆಧಾರ ಕೊಡುವ, ಆದರೆ ತನ್ನ ಶೈಲಿಯನ್ನೂ ಅಭಿರುಚಿಯನ್ನೂ ಅದರ ಮೇಲೆ ಹೇರದ ಕೈ. ತನ್ನ ಎರಡು ಕೈಗಳ ಚಾಳಿಯನ್ನೇ ತಿಳಿಯದವನು ಮೂರನೆಯದನ್ನು ಹೇಗೆ ಸಂಯಮಿಸಿಯಾನು? ಕಪ್ಪೆಂದರೆ ಶೋಕ, ಕೆಂಪೆಂದರೆ ಕೋಪ ಎಂದು ನಿಘಂಟು ನೋಡಿ ಹೇಳುವ ಎಳೆಯ ವಿದ್ಯಾರ್ಥಿಯ ದುರಭ್ಯಾಸವೂ, ತನ್ನದೇ ಚಿತ್ರದ ಕಪ್ಪು ಶೋಕವಲ್ಲದೆ ಬೇರೇನೋ ಆಗಿರುವುದನ್ನು ಕಂಡಾಗಲೇ ಬಿಡುವುದು.

ಒಂದು ತೊಡಕು ಮಾತ್ರ ಉಳಿದಿದೆ. ವಿದ್ಯಾರ್ಥಿಯು ಬಿಚ್ಚುಮನಸ್ಸಿನಿಂದ ಬರೆದುದನ್ನು ನೋಡುವ ಅಧ್ಯಾಪಕನೇ ಅವನ ಪರೀಕ್ಷಕನೂ ಆಗಿರುತ್ತಾನೆ. ಅಂಕ ಕೊಡುವವನ ಮುಂದೆ ಬಿರುಗಾಳಿಗೆ ಸಿಕ್ಕ ಪೊದೆಯನ್ನು ಇಡುವ ಧೈರ್ಯವು ಎಲ್ಲರಿಗೂ ಇರದು. ಪ್ರಶಾಂತವಾದ ಬೀಚ್ ಮರವನ್ನೇ ಬರೆದು ಒಪ್ಪಿಸುವವರೂ ಉಂಟು. ಬ್ರಿಟನ್ನಿನ ಶಿಕ್ಷಣಕ್ರಮದಲ್ಲಿ ವಿದ್ಯಾರ್ಥಿಯು ಕಲಿಯುವ ಕಾಲದಲ್ಲಿಯೇ ತಾನೂ ಬೇರೊಬ್ಬ ಚಿಕಿತ್ಸಕನ ಬಳಿಗೆ ಹೋಗಬೇಕೆಂಬ ನಿಯಮವಿರುವುದರಿಂದ, ಅಂಕದ ಹಂಗಿಲ್ಲದೆ ಆ ಪೊದೆಯನ್ನು ಬಿಚ್ಚಿಡಲು ಅವನಿಗೆ ಮತ್ತೊಂದು ಎಡೆಯಿರುವುದು.